ಯೂರಿಕ್ ಆಸಿಡ್ ಜಾಸ್ತಿ ಬಂದರೆ ಏನು ಮಾಡಬೇಕು: ಜ್ಯಾಂಥಿನ್ ಆಕ್ಸಿಡೇಸ್ ಜೊತೆ ಏಗುವ ದಾರಿ

ನನಗೆ ಮೊದಲ ಸಲ ಗೌಟ್, ಅಂದರೆ ಯೂರಿಕ್ ಆಸಿಡ್ ಹರಳು ಕಟ್ಟಿ ಕೀಲು ಊದುವ ಕಾಯಿಲೆ, ಬಂದದ್ದು ರಾತ್ರಿ ಎರಡೂವರೆಗೆ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ. ಮಲಗುವಾಗ ಸ್ವಲ್ಪ ಚುರುಚುರು ಅನ್ನುತ್ತಿತ್ತು, ಅಷ್ಟೇ. ಎಚ್ಚರವಾದಾಗ ನೋಡಿದರೆ ಬೆರಳು ಕೆಂಪಗೆ ಊದಿ, ಚರ್ಮ ಬಿಗಿದು ಮಿಂಚುತ್ತಿತ್ತು. ಹೊದಿಕೆಯ ಅಂಚು ತಗುಲಿದರೂ ಜೀವ ಬಾಯಿಗೆ ಬರುತ್ತಿತ್ತು. ಎಲ್ಲೋ ಎಡವಿರಬೇಕು ಎಂದುಕೊಂಡು ಕಾಲನ್ನು ಹೊದಿಕೆಯಿಂದ ಆಚೆ ಚಾಚಿ ಬೆಳಗಿನವರೆಗೆ ಕೂತಿದ್ದೆ. ಮರುದಿನ ರಕ್ತ ಪರೀಕ್ಷೆ ಆಯಿತು. ಯೂರಿಕ್ ಆಸಿಡ್ 6.4. ನಾರ್ಮಲ್ ಇದೆ, ಇದು ಗೌಟ್ ಅಲ್ಲ ಅಂದರು, ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಅದು ಗೌಟೇ ಆಗಿತ್ತು. ಇನ್ನೆರಡು ಸಲ ಬಂದ ಮೇಲೆ, ಕೀಲಿನೊಳಗಿನ ನೀರು ತೆಗೆದು ನೋಡಿದಾಗ ಗೊತ್ತಾಯಿತು.

ಆಮೇಲೂ ನಾನು ಸಾಲುಸಾಲು ತಪ್ಪು ಮಾಡಿದೆ. ಮಾತ್ರೆ ಶುರು ಮಾಡಿ ನಿಲ್ಲಿಸಿದೆ, ಮತ್ತೆ ಶುರು ಮಾಡಿದೆ, ಉಪವಾಸ ಬಿದ್ದೆ, ಸೊಪ್ಪು ಕಾಳು ಬಿಟ್ಟೆ. ಎಲ್ಲದಕ್ಕೂ ಮೂಲ ಒಂದೇ: ಯೂರಿಕ್ ಆಸಿಡ್ ಎಂದರೆ ಊಟದಿಂದ ಬರುವ ಕಸ ಎಂದು ನಂಬಿದ್ದೆ. ಹಾಗಲ್ಲ. ಅದು ನಮ್ಮೊಳಗೆ ಒಂದು ಕಿಣ್ವ ಹಗಲೂ ರಾತ್ರಿ ತಯಾರಿಸುವ ಸರಕು. ಆ ಕಿಣ್ವದ ಹೆಸರು ಜ್ಯಾಂಥಿನ್ ಆಕ್ಸಿಡೇಸ್. ಅದರ ಕೆಲಸ ಅರ್ಥವಾದರೆ ರಿಪೋರ್ಟ್ ಹೇಗೆ ಓದಬೇಕು, ಮಾತ್ರೆ ಯಾಕೆ ಹಾಗೆ ತಗೊಳ್ಳಬೇಕು, ಪಥ್ಯ ಎಷ್ಟು ಬೇಕು ಅನ್ನುವುದೆಲ್ಲ ತಾನಾಗಿ ಹೊಳೆಯುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನಾನು ಡಾಕ್ಟರ್ ಅಲ್ಲ, ರೋಗಿ. ಡೋಸ್ ಎಷ್ಟು ಅನ್ನುವುದು ನಿಮ್ಮ ಡಾಕ್ಟರ್ ಹೇಳಬೇಕಾದ ಮಾತು. ಅವರನ್ನು ಏನು ಕೇಳಬೇಕು ಅನ್ನುವುದು ಇಲ್ಲಿ ಸಿಗುತ್ತದೆ.

ಮೊದಲು ಕಿಣ್ವವನ್ನು ಪರಿಚಯ ಮಾಡಿಕೊಳ್ಳಿ

ಡಿಎನ್‌ಎ ಬರೆಯಲು ನಾಲ್ಕು ಅಕ್ಷರ ಇವೆ ಅಂತ ಶಾಲೆಯಲ್ಲಿ ಓದಿರುತ್ತೀರಿ. ಅದರಲ್ಲಿ ಎರಡು, ಅಡೆನಿನ್ ಮತ್ತು ಗ್ವಾನಿನ್, ಪ್ಯೂರಿನ್ ಜಾತಿಯವು. ಜೀವಕೋಶಗಳಿಗೆ ಶಕ್ತಿ ಕೊಡುವ ಎಟಿಪಿಯಲ್ಲೂ ಪ್ಯೂರಿನ್ ಇದೆ. ಅಂದರೆ ಜೀವ ಇರುವ ಕಡೆಯೆಲ್ಲ ಪ್ಯೂರಿನ್ ಇದೆ. ದಿನವೂ ಹಳೆಯ ಕೋಶಗಳು ಸಾಯುತ್ತವೆ, ಅವುಗಳ ಪ್ಯೂರಿನ್ ಬಿಡಿಬಿಡಿಯಾಗುತ್ತದೆ. ಒಂದಷ್ಟನ್ನು ದೇಹ ಮತ್ತೆ ಬಳಸಿಕೊಳ್ಳುತ್ತದೆ. ಉಳಿದದ್ದು ಕೊನೆಗೆ ಹೈಪೋಜ್ಯಾಂಥಿನ್ ಅಥವಾ ಜ್ಯಾಂಥಿನ್ ಆಗಿ ನಮ್ಮ ಕಿಣ್ವದ ಬಾಗಿಲಿಗೆ ಬರುತ್ತದೆ.

ಈ ಕಿಣ್ವದ ಒಳಗೆ ಒಂದು ಗೂಡು, ಗೂಡಿನ ತಳದಲ್ಲಿ ಮಾಲಿಬ್ಡಿನಂ ಎಂಬ ಲೋಹದ ಒಂದು ಪರಮಾಣು. ಹೈಪೋಜ್ಯಾಂಥಿನ್ ಆ ಗೂಡಿನಲ್ಲಿ ಕೂರುತ್ತದೆ. ನೀರಿನಿಂದ ಎತ್ತಿಕೊಂಡ ಒಂದು ಆಮ್ಲಜನಕವನ್ನು ಕಿಣ್ವ ಅದಕ್ಕೆ ಅಂಟಿಸುತ್ತದೆ. ಆಗ ಅದು ಜ್ಯಾಂಥಿನ್. ಜ್ಯಾಂಥಿನ್ ಮತ್ತೆ ಗೂಡಿಗೆ ಬಂದು ಇನ್ನೊಂದು ಆಮ್ಲಜನಕ ಅಂಟಿಸಿಕೊಂಡರೆ ಯೂರಿಕ್ ಆಸಿಡ್. ಎರಡೂ ಹೆಜ್ಜೆಗೆ ಕಿಣ್ವ ಒಂದೇ, ಗೂಡು ಒಂದೇ. ಈ ಕೆಲಸದಲ್ಲಿ ಬಿಡುಗಡೆಯಾದ ಎಲೆಕ್ಟ್ರಾನ್‌ಗಳು ಕಬ್ಬಿಣ-ಗಂಧಕದ ಮೆಟ್ಟಿಲುಗಳ ಮೂಲಕ ಸಾಗಿ ಕೊನೆಗೆ ಆಮ್ಲಜನಕಕ್ಕೆ ಸೇರುತ್ತವೆ. ಆಗ ಹೈಡ್ರೋಜನ್ ಪೆರಾಕ್ಸೈಡ್, ಸೂಪರ್‌ಆಕ್ಸೈಡ್ ಥರದ ಉಗ್ರ ಕಣಗಳು ಹುಟ್ಟುತ್ತವೆ. ಹೃದಯ, ರಕ್ತನಾಳದ ಸಂಶೋಧಕರು ಈ ಕಿಣ್ವದ ಬೆನ್ನು ಬಿದ್ದಿರುವುದು ಇದಕ್ಕೇ. ನಮಗೆ ಸದ್ಯ ಅದು ಬೇಡ.

ಈ ಕಿಣ್ವ ಜಾಸ್ತಿ ಇರುವುದು ಲಿವರ್ ಮತ್ತು ಸಣ್ಣಕರುಳಿನಲ್ಲಿ. ಹಾಲಿನಲ್ಲೂ ಧಾರಾಳವಾಗಿದೆ. 1902ರಲ್ಲಿ ಶಾರ್ಡಿಂಗರ್ ಎಂಬ ವಿಜ್ಞಾನಿ ಇದರ ಕೆಲಸವನ್ನು ಮೊದಲು ಕಂಡದ್ದೇ ಹಾಲಿನಲ್ಲಿ. ಹಸಿ ಹಾಲಿಗೆ ಫಾರ್ಮಾಲ್ಡಿಹೈಡ್ ಮತ್ತು ಒಂದು ನೀಲಿ ಬಣ್ಣ ಬೆರೆಸಿದರೆ ಬಣ್ಣ ಮಾಯ, ಕಾಯಿಸಿದ ಹಾಲಿನಲ್ಲಿ ಹಾಗೆ ಆಗುವುದಿಲ್ಲ. ಹಾಲು ಕಾದಿದೆಯೋ ಇಲ್ಲವೋ ಎಂದು ತಿಳಿಯಲು ಇದನ್ನೇ ಪರೀಕ್ಷೆಯಾಗಿ ಬಳಸಿದರು. ಹಾಗಂತ ಹಾಲು ಬಿಡಬೇಡಿ. ಹಾಲು ಗೌಟ್ ಅಪಾಯ ಕಡಿಮೆ ಮಾಡುವ ಪಟ್ಟಿಯಲ್ಲಿದೆ.

ಬೇರೆ ಬಹುತೇಕ ಸಸ್ತನಿಗಳಲ್ಲಿ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಅವುಗಳಿಗೆ ಯೂರಿಕೇಸ್ ಎಂಬ ಇನ್ನೊಂದು ಕಿಣ್ವ ಇದೆ, ಅದು ಯೂರಿಕ್ ಆಸಿಡನ್ನು ನೀರಿನಲ್ಲಿ ಚೆನ್ನಾಗಿ ಕರಗುವ ಅಲಂಟೊಯಿನ್ ಮಾಡಿಬಿಡುತ್ತದೆ. ನಮ್ಮ ಮತ್ತು ದೊಡ್ಡ ವಾನರಗಳ ಪೂರ್ವಜರಲ್ಲಿ ಆ ಜೀನ್ ಕೆಟ್ಟುಹೋಯಿತು, ಸುಮಾರು ಒಂದೂವರೆ ಕೋಟಿ ವರ್ಷದ ಹಿಂದೆ ಎಂಬ ಅಂದಾಜಿದೆ. ಅಂದಿನಿಂದ ಯೂರಿಕ್ ಆಸಿಡೇ ನಮ್ಮ ಕೊನೆಯ ನಿಲ್ದಾಣ.

ಈಗ ಒಂದು ತೊಟ್ಟಿ ಕಲ್ಪಿಸಿಕೊಳ್ಳಿ. ಮೇಲೆ ನಲ್ಲಿ, ಕೆಳಗೆ ತೂಬು. ನಲ್ಲಿ ಅಂದರೆ ಜ್ಯಾಂಥಿನ್ ಆಕ್ಸಿಡೇಸ್. ತೂಬು ಅಂದರೆ ಕಿಡ್ನಿ ಮತ್ತು ಕರುಳು. ಮೂರರಲ್ಲಿ ಎರಡು ಪಾಲು ಕಿಡ್ನಿಯಿಂದ, ಒಂದು ಪಾಲು ಕರುಳಿನಿಂದ ಹೊರಗೆ ಹೋಗುತ್ತದೆ. ಗೌಟ್ ಇರುವ ಬಹುಪಾಲು ಜನರಲ್ಲಿ ಕೆಟ್ಟಿರುವುದು ನಲ್ಲಿ ಅಲ್ಲ, ತೂಬು. ಕಿಡ್ನಿ ಹೊರಹಾಕಬೇಕಾದಷ್ಟು ಹಾಕುವುದಿಲ್ಲ, ಅದೂ ಬಹುತೇಕ ವಂಶದಿಂದ ಬಂದ ಗುಣ. ಹಾಗಿದ್ದರೆ ಔಷಧಿ ಯಾಕೆ ನಲ್ಲಿಗೆ ಕೊಡುತ್ತಾರೆ ಅಂತ ನಾನೂ ಕೇಳಿದ್ದೆ. ಉತ್ತರ ಸುಲಭ. ತೊಟ್ಟಿ ತುಂಬಿ ಚೆಲ್ಲುತ್ತಿದ್ದರೆ ಕಾರಣ ಯಾವುದೇ ಇರಲಿ, ನಲ್ಲಿಯನ್ನು ಸ್ವಲ್ಪ ತಿರುಗಿಸಿದರೆ ಮಟ್ಟ ಇಳಿಯುತ್ತದೆ. ತೂಬು ಬಿಡಿಸುವ ಔಷಧಿಗಳೂ ಇವೆ, ಆದರೆ ಕಿಡ್ನಿಯಲ್ಲಿ ಕಲ್ಲು ಇರುವವರಿಗೆ ಅವು ಒಗ್ಗುವುದಿಲ್ಲ.

ರಿಪೋರ್ಟ್ ಓದುವಾಗ

ನೆನಪಿಡಬೇಕಾದ ಅಂಕಿ 6.8. ದೇಹದ ಬಿಸಿಯಲ್ಲಿ, ಒಂದು ಡೆಸಿಲೀಟರ್ ರಕ್ತದಲ್ಲಿ ಸುಮಾರು 6.8 ಮಿಲಿಗ್ರಾಂ ಯೂರೇಟ್ (ಯೂರಿಕ್ ಆಸಿಡ್ ರಕ್ತದಲ್ಲಿ ಇರುವ ರೂಪ) ಮಾತ್ರ ಕರಗಿ ಇರಬಲ್ಲದು. ಅದಕ್ಕಿಂತ ಜಾಸ್ತಿ ಆದರೆ ಹರಳು ಕಟ್ಟಲು ಜಾಗ ಹುಡುಕುತ್ತದೆ. ಲ್ಯಾಬ್ ರಿಪೋರ್ಟಿನ ಬಲಗಡೆ ಇರುತ್ತದಲ್ವಾ, ನಾರ್ಮಲ್ 7.2ರವರೆಗೆ ಅಂತಲೋ ಇನ್ನೇನೋ, ಅದು ಜನರ ಸರಾಸರಿ ನೋಡಿ ಹಾಕಿದ ಗೆರೆ. 6.8 ರಸಾಯನಶಾಸ್ತ್ರದ ಗೆರೆ. ಗೌಟ್ ಇರುವವರಿಗೆ ಎರಡನೆಯದೇ ಮುಖ್ಯ. ತಂಪಾದಷ್ಟೂ ಕರಗುವುದು ಕಡಿಮೆ, ಅದಕ್ಕೇ ದೇಹದ ತುದಿಯಲ್ಲಿ ತಣ್ಣಗಿರುವ ಹೆಬ್ಬೆರಳು ಮೊದಲ ಬಲಿ. ರಿಪೋರ್ಟ್ ಮೈಕ್ರೋಮೋಲ್ ಲೆಕ್ಕದಲ್ಲಿದ್ದರೆ 60ರಿಂದ ಭಾಗಿಸಿ, ಹೆಚ್ಚುಕಮ್ಮಿ ಸರಿಯಾಗುತ್ತದೆ. 360 ಅಂದರೆ 6.

ಇನ್ನೊಂದು ವಿಷಯ, ನನಗೆ ಪೆಟ್ಟು ಕೊಟ್ಟದ್ದು. ಗೌಟ್ ನೋವು ಜೋರಾಗಿರುವಾಗ ರಕ್ತದ ಯೂರಿಕ್ ಆಸಿಡ್ ಇಳಿದು ನಾರ್ಮಲ್ ತೋರಿಸಬಹುದು. ಬಾವು ಬಂದಾಗ ಕಿಡ್ನಿ ಅದನ್ನು ಜಾಸ್ತಿ ಹೊರಗೆ ಹಾಕುತ್ತದೆ. ಹಾಗಾಗಿ ಆ ಹೊತ್ತಿನ ಅಂಕಿ ನೋಡಿ ಗೌಟ್ ಇಲ್ಲ ಎಂದು ಹೇಳಲು ಬರುವುದಿಲ್ಲ. ನೋವು ಪೂರ್ತಿ ಇಳಿದು ಎರಡು ವಾರವಾದರೂ ಆದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ. ನನ್ನದು ಆಗ 8.9 ಬಂತು.

ಗಟ್ಟಿ ಸಾಕ್ಷಿ ಬೇಕೆಂದರೆ ಕೀಲಿನ ನೀರು. ಸೂಜಿಯಿಂದ ಒಂದೆರಡು ಹನಿ ಎಳೆದು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. 1961ರಲ್ಲಿ ಮೆಕಾರ್ಟಿ ಮತ್ತು ಹಾಲೆಂಡರ್ ತೋರಿಸಿಕೊಟ್ಟ ವಿಧಾನ ಇದು. ನನಗೆ ಪರದೆಯಲ್ಲಿ ತೋರಿಸಿದರು. ಕಪ್ಪು ಹಿನ್ನೆಲೆಯಲ್ಲಿ ಹೊಳೆಯುವ ಸೂಜಿಗಳು, ಎರಡೂ ತುದಿ ಚೂಪು. ಒಂದೆರಡು ಬಿಳಿ ರಕ್ತಕಣಗಳು ಅದನ್ನು ನುಂಗಲು ಹೋಗಿ, ನುಂಗಲಾರದೆ, ಸೂಜಿ ಎರಡೂ ಬದಿಗೆ ಚಾಚಿಕೊಂಡು ನಿಂತಿದ್ದವು. ಆ ರಾತ್ರಿಯ ನೋವೆಲ್ಲ ಯಾಕೆ ಎಂದು ಅಲ್ಲೇ ಅರ್ಥವಾಯಿತು. ಕೀಲು ಊದಿ, ಜೊತೆಗೆ ಜೋರು ಜ್ವರ, ಚಳಿ ಇದ್ದರೆ ಮಾತ್ರ ಇದು ಗೌಟೇ ಎಂದು ಮನೆಯಲ್ಲಿ ಕೂರಬೇಡಿ. ಕೀಲಿನೊಳಗೆ ಸೋಂಕಾದರೂ ಹೀಗೇ ಕಾಣುತ್ತದೆ, ಅದನ್ನು ಅದೇ ದಿನ ನೋಡಿಸಬೇಕು.

ಯಾವ ನೋವೂ ಇಲ್ಲ, ಆರೋಗ್ಯ ತಪಾಸಣೆಯಲ್ಲಿ 7.8 ಬಂತು, ಈಗ ಮಾತ್ರೆ ಶುರು ಮಾಡಬೇಕಾ? ಸಾಮಾನ್ಯವಾಗಿ ಬೇಡ. ಯೂರಿಕ್ ಆಸಿಡ್ ಜಾಸ್ತಿ ಇರುವ ಹೆಚ್ಚಿನವರಿಗೆ ಗೌಟ್ ಬರುವುದೇ ಇಲ್ಲ. ಅಮೆರಿಕದ ಕೀಲುರೋಗ ತಜ್ಞರ ಸಂಸ್ಥೆಯಾದ ರುಮಟಾಲಜಿ ಕಾಲೇಜಿನ 2020ರ ಮಾರ್ಗಸೂಚಿ ಕೂಡ ಬರೀ ಅಂಕಿ ನೋಡಿ ಮಾತ್ರೆ ಕೊಡಬೇಡಿ ಎನ್ನುತ್ತದೆ. ಬದಲಿಗೆ ನೀವು ನುಂಗುತ್ತಿರುವ ಬೇರೆ ಮಾತ್ರೆಗಳ ಪಟ್ಟಿ ಮಾಡಿ. ಬಿಪಿಗೆ ಕೊಡುವ ಥಯಾಜೈಡ್, ಕಡಿಮೆ ಡೋಸಿನ ಆಸ್ಪಿರಿನ್, ಕ್ಷಯಕ್ಕೆ ಕೊಡುವ ಪೈರಜಿನಮೈಡ್ ಎಲ್ಲವೂ ತೂಬು ಮುಚ್ಚುತ್ತವೆ, ಅಂಕಿ ಏರುತ್ತದೆ. ಯಾವುದನ್ನೂ ನೀವೇ ನಿಲ್ಲಿಸಬೇಡಿ. ಪಟ್ಟಿ ತೋರಿಸಿ ಕೇಳಿ. ಬಿಪಿ ಮಾತ್ರೆಗಳಲ್ಲೇ ಲೊಸಾರ್ಟನ್ ಯೂರಿಕ್ ಆಸಿಡ್ ಸ್ವಲ್ಪ ಇಳಿಸುತ್ತದೆ, ಕೆಲವರಿಗೆ ಅದಕ್ಕೆ ಬದಲಾಯಿಸುವುದುಂಟು.

ನೋವು ಬಂದ ದಿನ

ಇದು ಚಿಕ್ಕ ವಿಷಯ. ನೋವು ಇಳಿಸುವ ಔಷಧಿ ಬೇರೆ, ಕಿಣ್ವ ತಡೆಯುವ ಔಷಧಿ ಬೇರೆ. ನೋವಿಗೆ ಕಾಲ್ಚಿಸಿನ್, ಬಾವು ಇಳಿಸುವ ನೋವಿನ ಮಾತ್ರೆ, ಅಥವಾ ಸ್ಟೆರಾಯ್ಡ್. ಇದರಲ್ಲಿ ಯಾವುದು ಅನ್ನುವುದು ನಿಮ್ಮ ಕಿಡ್ನಿ, ಹೊಟ್ಟೆ, ಶುಗರ್ ನೋಡಿ ತೀರ್ಮಾನ ಆಗುತ್ತದೆ. ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಕಾಲ್ಚಿಸಿನ್ ಜಾಸ್ತಿ ನುಂಗಿದರೆ ಜಾಸ್ತಿ ಗುಣ ಎಂಬ ಲೆಕ್ಕ ಇಲ್ಲ, ಭೇದಿ ಮಾತ್ರ ಜಾಸ್ತಿ. ಅತಿಯಾದರೆ ಪ್ರಾಣಕ್ಕೇ ಕುತ್ತು. ಕಾಲು ಎತ್ತರದಲ್ಲಿಟ್ಟು ಬಟ್ಟೆ ಸುತ್ತಿದ ಐಸ್ ಇಡಿ.

ಕಿಣ್ವ ತಡೆಯುವ ಮಾತ್ರೆ ಅಲೊಪ್ಯೂರಿನಾಲ್ ಈಗಾಗಲೇ ತಗೊಳ್ಳುತ್ತಿದ್ದರೆ ನಿಲ್ಲಿಸಬೇಡಿ. ನಾನು ನಿಲ್ಲಿಸಿದ್ದೆ. ಮಾತ್ರೆಯಿಂದಲೇ ನೋವು ಬಂತು ಎಂದು ಸಿಟ್ಟು ಬಂದಿತ್ತು. ಆ ಸಿಟ್ಟಿನಲ್ಲಿ ಅರ್ಧ ಸತ್ಯ ಇತ್ತು, ಅದನ್ನು ಮುಂದೆ ಹೇಳುತ್ತೇನೆ.

ಕಿಣ್ವಕ್ಕೆ ಮೋಸ ಮಾಡುವ ಮಾತ್ರೆ

ಅಲೊಪ್ಯೂರಿನಾಲ್ ಹುಟ್ಟಿದ ಕಥೆ ಗೊತ್ತಿದ್ದರೆ ಅದರ ಒಂದು ದೊಡ್ಡ ಅಪಾಯವೂ ನೆನಪಿರುತ್ತದೆ, ಅದಕ್ಕೆ ಹೇಳುತ್ತಿದ್ದೇನೆ. ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅಮೆರಿಕದಲ್ಲಿ ಪ್ಯೂರಿನ್ ಹೋಲುವ ಔಷಧಿಗಳನ್ನು ಮಾಡುತ್ತಿದ್ದರು. ಮಕ್ಕಳ ರಕ್ತ ಕ್ಯಾನ್ಸರಿಗೆ 6-ಮರ್ಕ್ಯಾಪ್ಟೊಪ್ಯೂರಿನ್ ಮಾಡಿದರು. ಆದರೆ ಒಂದು ತಲೆನೋವು. ಜ್ಯಾಂಥಿನ್ ಆಕ್ಸಿಡೇಸ್ ಆ ಔಷಧಿಯನ್ನೂ ತನ್ನ ಮಾಮೂಲಿ ಮೇವು ಎಂದುಕೊಂಡು ಅರೆದುಹಾಕುತ್ತಿತ್ತು. ಕಿಣ್ವವನ್ನು ತಡೆದರೆ ಔಷಧಿ ಹೆಚ್ಚು ಹೊತ್ತು ಉಳಿಯುತ್ತದಲ್ವಾ, ಹಾಗೆ ಹುಡುಕುತ್ತಾ ಅಲೊಪ್ಯೂರಿನಾಲ್ ಸಿಕ್ಕಿತು. ಕೊಟ್ಟ ರೋಗಿಗಳಲ್ಲಿ ಯೂರಿಕ್ ಆಸಿಡ್ ದಬಕ್ಕನೆ ಇಳಿಯಿತು. ಕ್ಯಾನ್ಸರಿಗೆ ಹುಡುಕಿದ್ದು ಗೌಟಿನವರ ಕೈಗೆ ಬಂತು. 1966ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. 1988ರಲ್ಲಿ ಇಬ್ಬರಿಗೂ ಜೇಮ್ಸ್ ಬ್ಲ್ಯಾಕ್ ಜೊತೆ ನೊಬೆಲ್ ಸಿಕ್ಕಿತು. ಎಲಿಯನ್ ಪಿಎಚ್‌ಡಿ ಮುಗಿಸಿರಲಿಲ್ಲ ಅನ್ನುವುದು ನನಗೆ ಯಾವತ್ತೂ ಖುಷಿ ಕೊಡುವ ವಿಷಯ.

ಮೋಸ ಹೇಗೆ? ಅಲೊಪ್ಯೂರಿನಾಲ್ ಮತ್ತು ಹೈಪೋಜ್ಯಾಂಥಿನ್ ಎರಡರಲ್ಲೂ ಪರಮಾಣುಗಳ ಲೆಕ್ಕ ಒಂದೇ. ಉಂಗುರದಲ್ಲಿ ಅಕ್ಕಪಕ್ಕದ ಒಂದು ಸಾರಜನಕ ಮತ್ತು ಒಂದು ಇಂಗಾಲ ಮಾತ್ರ ಜಾಗ ಅದಲು ಬದಲು ಮಾಡಿಕೊಂಡಿವೆ. ಕಿಣ್ವಕ್ಕೆ ಗೊತ್ತಾಗುವುದಿಲ್ಲ. ಗೂಡಿಗೆ ಕೂರಿಸಿಕೊಂಡು ಎಂದಿನಂತೆ ಆಮ್ಲಜನಕ ಅಂಟಿಸುತ್ತದೆ. ಹಾಗೆ ತಯಾರಾದ ಆಕ್ಸಿಪ್ಯೂರಿನಾಲ್ ಆ ಮಾಲಿಬ್ಡಿನಂಗೇ ಕಚ್ಚಿಕೊಂಡು ಗಂಟೆಗಟ್ಟಲೆ ಎದ್ದು ಹೋಗುವುದಿಲ್ಲ. ತನ್ನ ಬೀಗವನ್ನು ತಾನೇ ತಯಾರಿಸಿ ಹಾಕಿಕೊಂಡ ಹಾಗೆ. ಅಲೊಪ್ಯೂರಿನಾಲ್ ರಕ್ತದಲ್ಲಿ ಒಂದೆರಡು ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ, ಆಕ್ಸಿಪ್ಯೂರಿನಾಲ್‌ಗೆ ಸುಮಾರು ಒಂದು ದಿನ ಬೇಕು. ದಿನಕ್ಕೆ ಒಂದೇ ಸಲ ಸಾಕಾಗುವುದು ಇದಕ್ಕೆ. ಒಂದು ದಿನ ಮರೆತರೆ ಆಕಾಶ ಕಳಚಿ ಬೀಳುವುದಿಲ್ಲ, ಮರುದಿನ ಎರಡು ನುಂಗಬೇಡಿ, ಅಷ್ಟೇ. ಆಕ್ಸಿಪ್ಯೂರಿನಾಲ್ ಹೊರಗೆ ಹೋಗುವುದು ಕಿಡ್ನಿಯಿಂದ, ಅದಕ್ಕೇ ಕಿಡ್ನಿ ಸುಸ್ತಾದವರಿಗೆ ತೀರಾ ಕಡಿಮೆಯಿಂದ ಶುರು.

ತಡೆದ ಹೈಪೋಜ್ಯಾಂಥಿನ್ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಬರಬಹುದು. ಅದು ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಒಂದು ಭಾಗ ಮೂತ್ರದಲ್ಲಿ ಹೋಗುತ್ತದೆ, ಇನ್ನೊಂದು ಭಾಗವನ್ನು ದೇಹ ಮರುಬಳಕೆಗೆ ಎತ್ತಿಕೊಳ್ಳುತ್ತದೆ.

ಇನ್ನು ತಗೊಳ್ಳುವ ಕ್ರಮ. ಶುರು ದಿನಕ್ಕೆ 100 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ. ಆಮೇಲೆ ಕೆಲವು ವಾರಕ್ಕೊಮ್ಮೆ ರಕ್ತ ನೋಡಿ, ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋಗುವುದು. ಎಲ್ಲಿಯವರೆಗೆ? ಅಂಕಿ 6ರ ಕೆಳಗೆ ಬಂದು ಅಲ್ಲೇ ನಿಲ್ಲುವವರೆಗೆ. ಚರ್ಮದ ಕೆಳಗೆ ಗಂಟು ಕಟ್ಟಿದವರಿಗೆ 5ರ ಕೆಳಗೆ ತರುವುದುಂಟು. ಎಷ್ಟೋ ಜನ 100ರಲ್ಲೋ 300ರಲ್ಲೋ ನಿಂತುಬಿಡುತ್ತಾರೆ, ಅಂಕಿ 7.5 ಇದ್ದರೂ ಮಾತ್ರೆ ತಗೊಳ್ಳುತ್ತಿದ್ದೇನಲ್ಲ ಎಂಬ ಸಮಾಧಾನ. ಅದು ತೊಟ್ಟಿ ಚೆಲ್ಲುತ್ತಿರುವಾಗಲೇ ನಲ್ಲಿಯನ್ನು ಕೂದಲೆಳೆಯಷ್ಟು ತಿರುಗಿಸಿ ಸುಮ್ನೆ ಕೂತ ಹಾಗೆ. 300 ಕೊನೆಯ ಮೆಟ್ಟಿಲಲ್ಲ, ಅಮೆರಿಕದಲ್ಲಿ ಮಂಜೂರಾದ ಗರಿಷ್ಠ ದಿನಕ್ಕೆ 800. ನನ್ನದು 400ಕ್ಕೆ ಬಂದು 5.4ರಲ್ಲಿ ನಿಂತಿದೆ.

ಈಗ ಆ ಅರ್ಧ ಸತ್ಯ. ಮಾತ್ರೆ ಶುರು ಮಾಡಿದ ಮೊದಲ ತಿಂಗಳುಗಳಲ್ಲಿ ಗೌಟ್ ನೋವು ಜಾಸ್ತಿಯಾಗಬಹುದು. ವರ್ಷಗಳಿಂದ ಕೀಲಿನೊಳಗೆ ಕೂತಿದ್ದ ಹರಳಿನ ಗುಡ್ಡೆ ಕರಗಲು ಶುರುವಾಗುತ್ತದೆ, ಅಂಚಿನ ಚೂರುಗಳು ಉದುರುತ್ತವೆ, ಅವನ್ನು ಕಂಡು ಬಿಳಿ ರಕ್ತಕಣಗಳು ರೇಗುತ್ತವೆ. ಅಂದರೆ ಮಾತ್ರೆ ಕೆಲಸ ಮಾಡುತ್ತಿದೆ. ಇದಕ್ಕೇ ಮೊದಲ 3ರಿಂದ 6 ತಿಂಗಳು ಜೊತೆಗೆ ಕಾಲ್ಚಿಸಿನ್ ಕಡಿಮೆ ಡೋಸಿನಲ್ಲಿ ಕೊಡುವ ಪದ್ಧತಿ ಇದೆ. ನನಗೆ ಮೊದಲ ಸಲ ಇದನ್ನು ಯಾರೂ ಹೇಳಿರಲಿಲ್ಲ. ನೋವು ಬಂತು, ನಿಲ್ಲಿಸಿದೆ, ಹರಳು ಮತ್ತೆ ಕಟ್ಟಿತು, ಮತ್ತೆ ಶುರು, ಮತ್ತೆ ನೋವು. ಒಂದು ವರ್ಷ ಹೀಗೇ ಹೋಯಿತು. ಮಾತ್ರೆ ಬರೆದುಕೊಟ್ಟಾಗ ನೀವಾಗಿಯೇ ಕೇಳಿ: ಶುರುವಿನ ನೋವಿಗೆ ಏನು ಕೊಡುತ್ತೀರಿ?

ನಿಲ್ಲಿಸಲೇಬೇಕಾದ ಸಂದರ್ಭ

ಮೈಮೇಲೆ ಗಂಧೆ ಎದ್ದರೆ ಮಾತ್ರೆ ಅಲ್ಲೇ ನಿಲ್ಲಿಸಿ, ಅವತ್ತೇ ಡಾಕ್ಟರಿಗೆ ತೋರಿಸಿ. ಜ್ವರ, ಬಾಯಿಹುಣ್ಣು, ಕಣ್ಣು ಕೆಂಪಾಗುವುದು, ಚರ್ಮ ಸುಲಿಯುವುದು ಜೊತೆಗಿದ್ದರೆ ನೇರ ತುರ್ತು ಚಿಕಿತ್ಸೆಗೆ ಹೋಗಿ. ಇದು ಅಪರೂಪ, ಆದರೆ ಬಂದರೆ ಜೀವ ತೆಗೆಯಬಲ್ಲದು. ಬರುವುದಿದ್ದರೆ ಹೆಚ್ಚಾಗಿ ಮೊದಲ ಎರಡು ಮೂರು ತಿಂಗಳಲ್ಲೇ. ಎಚ್‌ಎಲ್‌ಎ-ಬಿ 58:01 ಎಂಬ ಜೀನ್ ರೂಪ ಇರುವವರಿಗೆ ಅಪಾಯ ತುಂಬಾ ಜಾಸ್ತಿ. ಹಾನ್ ಚೀನೀಯರು, ಕೊರಿಯನ್ನರು, ಥಾಯ್ ಜನರಲ್ಲಿ ಇದು ಹೆಚ್ಚು ಕಾಣುತ್ತದೆ, ಅವರಿಗೆ ಮಾತ್ರೆಗೆ ಮೊದಲು ರಕ್ತ ಪರೀಕ್ಷೆ ಮಾಡಿ ಎಂದು ಸಲಹೆ ಇದೆ. ಕಡಿಮೆ ಡೋಸಿನಿಂದ ಶುರು ಮಾಡುವುದರ ಇನ್ನೊಂದು ಕಾರಣವೂ ಇದೇ, ನಿಧಾನವಾಗಿ ಏರಿದರೆ ಈ ಅಪಾಯ ಇಳಿಯುತ್ತದೆ.

ಎರಡನೆಯದು, ಎಲಿಯನ್ ಕಥೆ ಹೇಳಿದ್ದು ಇದಕ್ಕೇ. ಅಜಾಥಿಯೋಪ್ರಿನ್ ಎಂಬ ಮಾತ್ರೆಯನ್ನು ಕಿಡ್ನಿ ಕಸಿ ಆದವರಿಗೆ, ಕರುಳಿನ ಉರಿಯೂತಕ್ಕೆ, ಲೂಪಸ್ ಥರದ ಕಾಯಿಲೆಗೆ ಕೊಡುತ್ತಾರೆ. ಅದು ದೇಹದಲ್ಲಿ 6-ಮರ್ಕ್ಯಾಪ್ಟೊಪ್ಯೂರಿನ್ ಆಗುತ್ತದೆ. ಅದನ್ನು ಅರೆದುಹಾಕಬೇಕಾದ ಕಿಣ್ವಕ್ಕೆ ನೀವು ಅಲೊಪ್ಯೂರಿನಾಲ್‌ನಿಂದ ಬೀಗ ಹಾಕಿದ್ದೀರಿ. ಔಷಧಿ ಏರುತ್ತಾ ಹೋಗಿ ಅಸ್ಥಿಮಜ್ಜೆ ಕುಸಿಯುತ್ತದೆ, ಬಿಳಿ ರಕ್ತಕಣ ನೆಲಕಚ್ಚುತ್ತವೆ. ಅಂದು ಬೇಕೆಂದೇ ಹುಡುಕಿದ ಪರಿಣಾಮ ಇವತ್ತು ಎರಡು ಬೇರೆ ಬೇರೆ ಡಾಕ್ಟರುಗಳ ಎರಡು ಚೀಟಿಗಳ ನಡುವೆ ಯಾರ ಗಮನಕ್ಕೂ ಬಾರದೆ ನಡೆದುಹೋಗಬಹುದು. ಒಟ್ಟಿಗೆ ಕೊಡಲೇಬೇಕಾದರೆ ಅಜಾಥಿಯೋಪ್ರಿನ್ ಡೋಸನ್ನು ಮೂರನೇ ಒಂದು ಅಥವಾ ನಾಲ್ಕನೇ ಒಂದು ಭಾಗಕ್ಕೆ ಇಳಿಸಿ, ರಕ್ತ ಪದೇ ಪದೇ ನೋಡುತ್ತಾರೆ. ನೀವೇ ಜೋಡಿಸಿಕೊಳ್ಳುವ ವಿಷಯ ಅಲ್ಲವೇ ಅಲ್ಲ.

ಅಲೊಪ್ಯೂರಿನಾಲ್ ಒಗ್ಗದವರಿಗೆ ಫೆಬುಕ್ಸೊಸ್ಟ್ಯಾಟ್ ಇದೆ. ಇದಕ್ಕೆ ಪ್ಯೂರಿನ್ ವೇಷ ಇಲ್ಲ, ಗೂಡಿಗೆ ಹೋಗುವ ಓಣಿಗೇ ಅಡ್ಡ ಕೂರುತ್ತದೆ. ಅಜಾಥಿಯೋಪ್ರಿನ್ ಎಚ್ಚರಿಕೆ ಇದಕ್ಕೂ ಅನ್ವಯ, ಯಾಕೆಂದರೆ ಮುಚ್ಚುವುದು ಅದೇ ಕಿಣ್ವವನ್ನು. ಹೃದಯದ ಕಾಯಿಲೆ ಇರುವವರಲ್ಲಿ ಸಾವು ಜಾಸ್ತಿ ಎಂದು 2018ರ ಒಂದು ದೊಡ್ಡ ಅಧ್ಯಯನ ತೋರಿಸಿತು, 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕಠಿಣ ಎಚ್ಚರಿಕೆ ಹಾಕಿತು. 2020ರಲ್ಲಿ ಯುರೋಪಿನ ಇನ್ನೊಂದು ದೊಡ್ಡ ಅಧ್ಯಯನ ಅಂಥದ್ದೇನೂ ಕಾಣಲಿಲ್ಲ ಎಂದಿತು. ಹೃದಯದ ತೊಂದರೆ ಇದ್ದರೆ ಈ ಮಾತ್ರೆಗೆ ಮೊದಲು ಅದನ್ನು ಹೇಳಿಯೇ ತಗೊಳ್ಳಿ.

ಪಥ್ಯ: ಎಷ್ಟು ಬೇಕೋ ಅಷ್ಟೇ

ಪಥ್ಯದ ಬಗ್ಗೆ ನನಗೆ ಸ್ವಲ್ಪ ಅಸಹನೆ ಇದೆ, ಮೊದಲೇ ಒಪ್ಪಿಕೊಳ್ಳುತ್ತೇನೆ. ಗೌಟ್ ಬಂದವರನ್ನು ತಿಂದು ಕುಡಿದು ಕೆಟ್ಟವರ ಹಾಗೆ ನೋಡುವ ಚಾಳಿ ಇದೆಯಲ್ಲ, ಅದು ಈ ಕಿಣ್ವದ ಲೆಕ್ಕ ಗೊತ್ತಿಲ್ಲದ್ದರಿಂದ ಬಂದದ್ದು. ಯೂರಿಕ್ ಆಸಿಡಿನ ಮೂರರಲ್ಲಿ ಸುಮಾರು ಎರಡು ಪಾಲು ಬರುವುದು ನಮ್ಮದೇ ದೇಹದ ಪ್ಯೂರಿನ್‌ನಿಂದ. ಎಷ್ಟೇ ಕಟ್ಟುನಿಟ್ಟು ಮಾಡಿದರೂ ಪಥ್ಯದಿಂದ ಇಳಿಯುವುದು ಹೆಚ್ಚೆಂದರೆ ಒಂದು ಅಂಕದ ಆಸುಪಾಸು. 9 ಇದ್ದವರು ಪಥ್ಯದಿಂದ ಮಾತ್ರ 6ಕ್ಕೆ ಬರುವುದು ಕಷ್ಟ.

ಹಾಗಂತ ಪೂರ್ತಿ ಬಿಟ್ಟುಬಿಡುವ ಹಾಗಿಲ್ಲ. ಬಿಯರ್ ಮೊದಲು ಕಡಿಮೆ ಮಾಡಿ, ಅದರಲ್ಲಿ ಪ್ಯೂರಿನ್ನೂ ಇದೆ, ಮದ್ಯವೂ ಇದೆ. ಮದ್ಯ ಕಿಡ್ನಿಯ ತೂಬನ್ನೂ ಮುಚ್ಚುತ್ತದೆ. ಲಿವರ್, ಕಿಡ್ನಿ ಥರದ ಅಂಗಗಳ ಮಾಂಸ ಮತ್ತು ಕೆಲವು ಸಮುದ್ರದ ಮೀನುಗಳಲ್ಲಿ ಪ್ಯೂರಿನ್ ತುಂಬಾ. ಹೆಚ್ಚಿನವರಿಗೆ ಗೊತ್ತಿಲ್ಲದ್ದು ಸಿಹಿ ಪಾನೀಯಗಳು. ಅವುಗಳಲ್ಲಿ ಪ್ಯೂರಿನ್ ಚೂರೂ ಇಲ್ಲ, ಆದರೆ ಫ್ರಕ್ಟೋಸ್ ಇದೆ. ಲಿವರ್ ಫ್ರಕ್ಟೋಸನ್ನು ಒಡೆಯುವಾಗ ಎಟಿಪಿಯನ್ನು ಬೇಗ ಬೇಗ ಖರ್ಚು ಮಾಡುತ್ತದೆ. ಆ ಖರ್ಚಾದ ಎಟಿಪಿಯ ಪ್ಯೂರಿನ್ ತುಂಡು ನೇರ ನಮ್ಮ ಕಿಣ್ವದ ಬಾಯಿಗೆ.

ಸೊಪ್ಪು, ಬೇಳೆಕಾಳು ಬಿಡಬೇಡಿ. ಕೆಲವು ತರಕಾರಿಗಳಲ್ಲಿ ಪ್ಯೂರಿನ್ ಇರುವುದು ನಿಜ, ಆದರೆ ಅವುಗಳಿಂದ ಗೌಟ್ ಜಾಸ್ತಿಯಾಗುವುದಿಲ್ಲ ಎಂದು 2004ರಲ್ಲೇ ದೊಡ್ಡ ಅಧ್ಯಯನ ತೋರಿಸಿದೆ. ಕಾಫಿ ಕುಡಿಯುವವರಲ್ಲಿ ಗೌಟ್ ಕಡಿಮೆ ಕಾಣುತ್ತದೆ. ತೂಕ ಇಳಿಸಿ, ಆದರೆ ನಿಧಾನ. ಏಕ್‌ದಂ ಉಪವಾಸ ಮಾಡಿದರೆ ದೇಹದಲ್ಲಿ ಕೀಟೋನ್ ಏರುತ್ತವೆ, ಕಿಡ್ನಿಯಲ್ಲಿ ಯೂರಿಕ್ ಆಸಿಡ್ ಒಳಗೇ ಉಳಿಯುವಂತೆ ಮಾಡುತ್ತವೆ. ನನಗೆ ಮೂರು ದಿನದ ಉಪವಾಸದ ಕೊನೆಯ ರಾತ್ರಿ ಮಂಡಿ ಊದಿತ್ತು.

ಅಂಕಿ ತೀರಾ ಕಡಿಮೆ ಬಂದರೆ, ಅಥವಾ ಮಗುವಿಗೆ ಜಾಸ್ತಿ ಬಂದರೆ

ಎಲ್ಲರೂ ಜಾಸ್ತಿಯ ಬಗ್ಗೆ ಮಾತಾಡುತ್ತಾರೆ. ಮಾತ್ರೆ ಏನೂ ಇಲ್ಲದೆ ಯೂರಿಕ್ ಆಸಿಡ್ 1ಕ್ಕಿಂತ ಕಡಿಮೆ ಬಂದರೆ ಅದನ್ನೂ ತೋರಿಸಿ. ಕೆಲವರಲ್ಲಿ ಜ್ಯಾಂಥಿನ್ ಆಕ್ಸಿಡೇಸ್ ಹುಟ್ಟಿನಿಂದಲೇ ಕೆಲಸ ಮಾಡುವುದಿಲ್ಲ. ಜ್ಯಾಂಥಿನೂರಿಯ ಎನ್ನುತ್ತಾರೆ. ಜ್ಯಾಂಥಿನ್ ನೀರಿನಲ್ಲಿ ಸರಿಯಾಗಿ ಕರಗದೆ ಕಿಡ್ನಿಯಲ್ಲಿ ಕಲ್ಲಾಗಬಹುದು, ಆ ಕಲ್ಲು ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಎಷ್ಟೋ ಜನರಿಗೆ ಯಾವ ತೊಂದರೆಯೂ ಇರುವುದಿಲ್ಲ. ನೀರು ಚೆನ್ನಾಗಿ ಕುಡಿಯುವುದೇ ಮುಖ್ಯ ಚಿಕಿತ್ಸೆ.

ಮಕ್ಕಳಲ್ಲಿ ಯೂರಿಕ್ ಆಸಿಡ್ ಜಾಸ್ತಿ ಬಂದರೆ ಅದು ಬೇರೆಯೇ ಕಥೆ. ಪ್ಯೂರಿನ್ ಮರುಬಳಕೆ ಮಾಡುವ ಎಚ್‌ಜಿಪಿಆರ್‌ಟಿ ಎಂಬ ಕಿಣ್ವ ಇಲ್ಲದಿದ್ದರೆ ಹೈಪೋಜ್ಯಾಂಥಿನ್ ಎಲ್ಲ ನಮ್ಮ ನಲ್ಲಿಗೇ ಬಂದು ಸುರಿಯುತ್ತದೆ. 1964ರಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದ ಮೈಕಲ್ ಲೆಶ್ ಮತ್ತು ಅವರ ಗುರು ವಿಲಿಯಂ ನೈಹಾನ್ ಇದರಿಂದ ಬರುವ ಕಾಯಿಲೆಯನ್ನು ವಿವರಿಸಿದರು. ಬಹುತೇಕ ಗಂಡುಮಕ್ಕಳಿಗೇ ಬರುವ ಕಾಯಿಲೆ, ತಮ್ಮ ತುಟಿ ಬೆರಳನ್ನು ತಾವೇ ಕಚ್ಚಿಕೊಳ್ಳುತ್ತಾರೆ. ಅಲೊಪ್ಯೂರಿನಾಲ್ ಅವರ ಕಿಡ್ನಿ ಉಳಿಸುತ್ತದೆ, ಕೀಲು ಉಳಿಸುತ್ತದೆ, ಆದರೆ ಮೆದುಳಿನ ತೊಂದರೆಗೆ ಏನೂ ಮಾಡುವುದಿಲ್ಲ. ಮೂಲ ತೊಂದರೆ ಯೂರಿಕ್ ಆಸಿಡ್ ಅಲ್ಲ ಎಂದು ಇದರಿಂದಲೇ ಗೊತ್ತಾಗುತ್ತದೆ. ನವಜಾತ ಶಿಶುವಿನ ಡೈಪರಿನಲ್ಲಿ ಮೊದಲ ಕೆಲವು ದಿನ ಕಿತ್ತಳೆ ಬಣ್ಣದ ಪುಡಿ ಕಂಡರೆ ಹೆದರಬೇಡಿ, ಅದು ಸಾಮಾನ್ಯ. ತಿಂಗಳುಗಳಾದರೂ ಕಾಣುತ್ತಲೇ ಇದ್ದು, ಮಗು ಕತ್ತು ನಿಲ್ಲಿಸುವುದು, ಕೂರುವುದು ತಡವಾಗುತ್ತಿದ್ದರೆ ಮಕ್ಕಳ ಡಾಕ್ಟರಿಗೆ ಆ ಪುಡಿಯ ವಿಷಯ ತಪ್ಪದೆ ಹೇಳಿ.

ನನ್ನ ಪರ್ಸಿನಲ್ಲಿ ಈಗ ಒಂದು ಚೀಟಿ ಇರುತ್ತದೆ. ಅಲೊಪ್ಯೂರಿನಾಲ್ 400, ಶುರು ಮಾಡಿದ ತಿಂಗಳು, ಕೊನೆಯ ಮೂರು ಯೂರಿಕ್ ಆಸಿಡ್ ಅಂಕಿ, ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ಅಂಕಿ, ಕೆಳಗೆ ಕೆಂಪು ಇಂಕಿನಲ್ಲಿ ಅಜಾಥಿಯೋಪ್ರಿನ್ ಬೇಡ ಎಂದು. ಹೋದ ಸಲ ಹಲ್ಲಿನ ಡಾಕ್ಟರಿಗೂ ಅದನ್ನೇ ಕೊಟ್ಟೆ. ಅವರು ತಿರುಗಿಸಿ ಮುರುಗಿಸಿ ನೋಡಿ, ಹಿಂದುಗಡೆ ಖಾಲಿ ಇದೆಯಲ್ಲ ಎಂದು ತಾವು ಕೊಟ್ಟ ಆಂಟಿಬಯಾಟಿಕ್ ಹೆಸರನ್ನೂ ಅಲ್ಲೇ ಬರೆದುಕೊಟ್ಟರು.